ಬಾಲ ಯಾವ ಕಡೆಗಿತ್ತು?

ನಮ್ಮನೆ ಕೃಷ್ಣನ ಪಟದಲ್ಲಿ ಏಳು ಹಕ್ಕಿಗಳಿದ್ದವು. ಈಗ ಆರಿವೆ. ಏಳನೆಯದನ್ನು ಅಳಿಸಿದ್ದು ನಾನೇ. ಬೇಕಂತ ಅಲ್ಲ. ದೀಪಾವಳಿಗೆ ಮನೆ ಕ್ಲೀನ್ ಮಾಡುವಾಗ, ಒದ್ದೆ ಬಟ್ಟೆಯಲ್ಲಿ, ಎರಡೇ ಎರಡು ಸಲ ಒರೆಸಿದೆ.

ಪಟ ಅಂದ್ರೆ ಕ್ಯಾಲೆಂಡರ್ ಪಟ ಅಂದ್ಕೋಬೇಡಿ. ಕೋಲಾರ ತಾಲ್ಲೂಕಿನ ಹೋಳೂರಿನಲ್ಲಿರುವ ನಮ್ಮ ಹಳೇ ಮನೆಯ ನಡುಮನೆಯಲ್ಲಿ, ದೇವರ ಗೂಡಿನ ಪಕ್ಕ ತೂಗುಹಾಕಿದ್ದ ಮೈಸೂರು ಶೈಲಿಯ ಸಣ್ಣ ಚಿತ್ರ ಅದು. ಎ-ಫೋರ್ ಹಾಳೆಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಹಲಗೆಗೆ ಅಂಟಿಸಿದ ಕಾಗದದ ಮೇಲೆ ಕೈಯಲ್ಲಿ ಬರೆದ ವೇಣುಗೋಪಾಲ. ಮೇಲೆ ಮರ, ಕೆಳಗೆ ನೀರು, ಪಕ್ಕದಲ್ಲಿ ತಲೆ ಎತ್ತಿ ಕೊಳಲು ಕೇಳುತ್ತಿರುವ ಒಂದು ಬಿಳಿ ಹಸು. ನಮ್ಮ ಮುತ್ತಾತ ಸ್ಕೂಲ್ ಮೇಷ್ಟ್ರು. ಮೈಸೂರಿನಲ್ಲಿ ಟ್ರೈನಿಂಗ್ ಮುಗಿಸಿ ಬರುವಾಗ ತಂದಿದ್ದಂತೆ. ಬರೆದವರ ಹೆಸರು ಎಲ್ಲೂ ಇಲ್ಲ.

ಆ ಪಟದಲ್ಲೇ ನಾವೆಲ್ಲ ಎಣಿಸೋದು ಕಲಿತದ್ದು. ಅವ್ವ ಕಲಿಸಿದ್ದು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅಜ್ಜಿಗೆ ಅವ್ವ ಅಂತಾರೆ, ಅರ್ಧ ಕನ್ನಡ ಅರ್ಧ ತೆಲುಗಿನ ಸೀಮೆ ನೋಡಿ. ಅವ್ವ ಮಕ್ಕಳನ್ನು ಸೊಂಟದ ಮೇಲೆ ಕೂರಿಸಿಕೊಂಡು, ಪಟಕ್ಕೆ ಬೆರಳು ತಾಗಿಸದೆ, ಗಾಳಿಯಲ್ಲೇ ತೋರಿಸುತ್ತಿದ್ದಳು. ಮರದಲ್ಲಿ ಗಿಳಿ ಮೂರು. ಕೆಳಗೆ ನವಿಲು ಎರಡು. ನೀರಲ್ಲಿ ಕೊಕ್ಕರೆ ಒಂದು. ಹಸು ಬೆನ್ನ ಮೇಲೆ ಕವಲು ಬಾಲದ ಕರೀ ಹಕ್ಕಿ ಒಂದು. ‘ಎಷ್ಟಾಯ್ತು?’ ‘ಏಳು!’ ಅಂದ್ರೆ ಕಡಲೆಕಾಯಿ ಉಂಡೆ ಕೈಗೆ ಬರುತ್ತಿತ್ತು. ಅಪ್ಪ ಕಲಿತದ್ದೂ ಹಾಗೇ, ಚಿಕ್ಕಪ್ಪಂದಿರೂ ಹಾಗೇ, ನಾನೂ ಹಾಗೇ.

ತಾತ ಹೋದ ಮೇಲೆ ಮನೆ ಭಾಗ ಆಯ್ತು. ಬೀರು ಒಬ್ಬರಿಗೆ, ಹಿತ್ತಾಳೆ ಹಂಡೆ ಇನ್ನೊಬ್ಬರಿಗೆ. ಪಟದ ವಿಷಯ ಬಂದಾಗ ಎಲ್ಲರೂ ಅವ್ವನ ಮುಖ ನೋಡಿದರು. ಅವ್ವ ನನ್ನ ಕಡೆ ಕೈ ತೋರಿಸಿದಳು. ‘ಇವ್ನು ಜೋಪಾನವಾಗಿ ಇಟ್ಕೋತಾನೆ’ ಅಂದಳು. ಆ ಮಾತು ಯಾಕೆ ಹೇಳಿದಳೋ. ಬೆಡ್‌ಶೀಟ್ ಸುತ್ತಿ, ಹಿಂದಿನ ಸೀಟಿಗೆ ಬೆಲ್ಟ್ ಹಾಕಿ, ಹಳೇ ಮದ್ರಾಸ್ ರೋಡಲ್ಲಿ ಅರವತ್ತರ ಮೇಲೆ ಓಡಿಸದೆ ವೈಟ್‌ಫೀಲ್ಡಿನ ಫ್ಲ್ಯಾಟಿಗೆ ತಂದಿದ್ದೆ. ಅಷ್ಟು ಜೋಪಾನ.

ಒಂದು ವರ್ಷ ಚೆನ್ನಾಗೇ ಇತ್ತು. ದೀಪಾವಳಿಗೆ ಮುಂಚೆ ಗಾಜಿನ ಒಳಗಡೆ ಹೊಗೆ ಕೂತಂತೆ ಕಂಡಿತು. ಎಷ್ಟು ವರ್ಷದ ದೀಪದ ಹೊಗೆಯೋ. ಹಿಂದಿನ ಮೊಳೆ ಬಿಚ್ಚಿ ಗಾಜು ತೆಗೆದೆ. ಗಾಜು ತೊಳೆದೆ. ಕೈಯಲ್ಲಿ ಹೇಗೂ ಮೈಕ್ರೋಫೈಬರ್ ಬಟ್ಟೆ ಇತ್ತು, ಕಾರು ಒರೆಸುವಂಥದ್ದು. ಚೂರು ಒದ್ದೆ ಮಾಡಿ ಹಿಂಡಿ ಹಸುವಿನ ಮೇಲೆ ಮೆತ್ತಗೆ ಆಡಿಸಿದೆ. ಬಟ್ಟೆಗೆ ಕಪ್ಪು ಬಂತು. ಆಹಾ, ಕೊಳೆ ಹೋಗ್ತಾ ಇದೆ ಅಂತ ಖುಷಿಯಾಗಿ ಇನ್ನೊಂದು ಸಲ ಆಡಿಸಿದೆ.

ಸಂಜೆ ನನ್ನ ಮಗಳು, ಐದು ವರ್ಷದವಳು, ಸೋಫಾ ಮೇಲೆ ನಿಂತು ಎಣಿಸಿದಳು. ‘ಅಪ್ಪಾ, ಆರೇ ಇದೆ.’

ಸರಿಯಾಗಿ ಎಣಿಸು ಅಂದೆ. ಮತ್ತೆ ಆರು. ಹತ್ತಿರ ಹೋಗಿ ನೋಡಿದೆ. ಹಸುವಿನ ಬೆನ್ನ ಮೇಲೆ ಬೂದಿ ಬಣ್ಣದ ಒಂದು ತೇಪೆ, ಅಷ್ಟೇ. ಕೃಷ್ಣ ಹಾಗೇ ಇದ್ದಾನೆ. ಕಿರೀಟದ ಚಿನ್ನ ಹಾಗೇ ಇದೆ. ಹೋದದ್ದು ಬೆರಳುಗುರಿನಷ್ಟು ದೊಡ್ಡ ಕಾಜಾಣ ಮಾತ್ರ.

ಇದನ್ನು ಯಾರಿಗೂ ಹೇಳಲಿಲ್ಲ. ಹೆಂಡತಿಗೆ ಗೊತ್ತಾಯ್ತು, ಮಗಳಿಗೆ ಗೊತ್ತಿತ್ತು, ಅಷ್ಟಕ್ಕೇ ನಿಲ್ಲಿಸಿದೆ. ಅವ್ವನಿಗೆ ಹೇಳೋ ಪ್ರಶ್ನೆಯೇ ಇಲ್ಲ, ಅವಳಿಗೆ ಎರಡೂ ಕಣ್ಣಿಗೆ ಪೊರೆ ಬಂದು ಮುಖಗಳೇ ಮಂಜು ಮಂಜು. ನಾಚಿಕೆ ಬಿಟ್ಟು ಬರೀತೀನಿ: ಅವಳಿಗೆ ಕಾಣಿಸಲ್ವಲ್ಲ ಅನ್ನೋದೇ ನನಗೆ ಆಗ ಸಮಾಧಾನವಾಗಿತ್ತು.

ಸಂಕ್ರಾಂತಿ ಕಳೆದ ಮೇಲೆ ಅವ್ವನಿಗೆ ಕಣ್ಣಿನ ಆಪರೇಷನ್ ಅಂತ ಚಿಕ್ಕಪ್ಪ ಫೋನ್ ಮಾಡಿದರು. ಹಿಂದಿನಿಂದ ಅವ್ವನ ದನಿ ಕೇಳಿಸಿತು. ‘ಕಣ್ಣು ಬಂದ್ಮೇಲೆ ಮೊದ್ಲು ಅವ್ನ ಮನೇಗೆ ಹೋಗಿ ಕೃಷ್ಣನ್ನ ನೋಡ್ಬೇಕು ಅಂತ ಹೇಳು.’

ಮಾರನೇ ಶನಿವಾರ ಪಟ ಎತ್ತಿಕೊಂಡು ಮೈಸೂರಿಗೆ ಹೋದೆ.

ಪರಿಚಯದವರ ಮೂಲಕ ಒಬ್ಬ ಹಿರಿಯ ಕಲಾವಿದರು ಸಿಕ್ಕಿದ್ದರು. ನನ್ನ ಲೆಕ್ಕ ಸಿಂಪಲ್ ಇತ್ತು. ಕರೀ ಹಕ್ಕಿ ಒಂದು, ಸಣ್ಣದು, ಅರ್ಧ ಗಂಟೆ ಕೆಲಸ. ಅವರು ಪಟವನ್ನು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದು ತುಂಬಾ ಹೊತ್ತು ನೋಡಿದರು. ಆಮೇಲೆ ಬೈಯಲಿಲ್ಲ, ಪಾಠ ಮಾಡಿದರು. ಬೈದಿದ್ರೇ ವಾಸಿ ಇತ್ತು.

ಹಳೇ ಕಾಲದಲ್ಲಿ ಹುಣಸೆ ಕಡ್ಡಿ ಸುಟ್ಟ ಇದ್ದಿಲಲ್ಲಿ ಮೊದಲು ಗೆರೆ ಎಳೆಯುತ್ತಿದ್ದರು. ಬಣ್ಣ ಗಿಡದ್ದು, ಕಲ್ಲಿನದು. ಕುಂಚ ಅಳಿಲಿನ ಕೂದಲಿನದು. ಆಭರಣ ಬರುವ ಕಡೆ ಮಕ್ಕಿ ಸಫೇದ ಅನ್ನುವ ಅಂಟುಹದದ ಮಿಶ್ರಣವನ್ನು ಸ್ವಲ್ಪವೇ ಉಬ್ಬುವಂತೆ ಬಿಟ್ಟು, ಅದರ ಮೇಲೆ ಚಿನ್ನದ ರೇಕು ಕೂರಿಸುತ್ತಾರೆ. ತಂಜಾವೂರಿನ ಪಟದಲ್ಲಿ ಈ ಉಬ್ಬು ಜಾಸ್ತಿ, ಕಲ್ಲು ಗಾಜೂ ಇರುತ್ತೆ. ಮೈಸೂರಿನದು ತೆಳು, ಸೂಕ್ಷ್ಮ. ಬಣ್ಣ ಕಾಗದಕ್ಕೆ ಹಿಡಿಯುವುದು ಗೋಂದಿನಿಂದ. ಗೋಂದು ನೀರಿಗೆ ಕರಗುತ್ತೆ. ‘ನೂರು ವರ್ಷ ಒಣಗಿದ್ರೂ ನೀರು ಬಿದ್ರೆ ಕರಗುತ್ತೆ, ತಿಳೀತಾ?’ ಅಂದರು. ಹಸುವಿಗೆ ಬಿಳಿ ಬಳಿದು ಒಣಗಿಸಿ, ಅದರ ಮೇಲೆ ಮಸಿಯಲ್ಲಿ ತೆಳುವಾಗಿ ಹಕ್ಕಿ ಬರೆದಿದ್ದಾರೆ. ಮೇಲಿದ್ದದ್ದು ಮೊದಲು ಹೋಯಿತು. ಇಂಥ ಪಟಕ್ಕೆ ಒಣಗಿದ ಮೆತ್ತನೆ ಬ್ರಷ್ ಬಿಟ್ಟರೆ ಬೇರೇನೂ ತಾಗಿಸಬಾರದು, ಬಿಸಿಲು ಬೀಳೋ ಗೋಡೆಗೆ ಹಾಕಬಾರದು. ಎಲ್ಲ ಹೇಳಿ ಕೊನೆಗೆ ಕೇಳಿದರು.

‘ಬಾಲ ಯಾವ ಕಡೆಗಿತ್ತು?’

ಬಾಯಿ ತೆರೆದೆ. ಮಾತು ಬರಲಿಲ್ಲ. ಎಡಕ್ಕಾ? ಬಲಕ್ಕಾ? ಹಕ್ಕಿ ಕೃಷ್ಣನ ಕಡೆ ನೋಡ್ತಾ ಇತ್ತಾ, ನಮ್ಮ ಕಡೆ ನೋಡ್ತಾ ಇತ್ತಾ? ರೆಕ್ಕೆ ಮಡಚಿತ್ತಾ? ಮೂವತ್ನಾಲ್ಕು ವರ್ಷ ನೋಡಿದ ಪಟ. ಎಣಿಸಿದ್ದೆ, ನೋಡಿರಲಿಲ್ಲ.

‘ಫೋಟೋ ಇದ್ರೆ ಕಳಿಸಿ’ ಅಂದರು. ‘ಕೃಷ್ಣನ ಮುಖ ಹೋಗಿದ್ರೆ ನಾನು ಕೇಳ್ತಿರ್ಲಿಲ್ಲ. ಕೃಷ್ಣ ಹೇಗಿರ್ಬೇಕು ಅಂತ ಶ್ಲೋಕ ಇದೆ. ಈ ಹಕ್ಕಿಗೆ ಶ್ಲೋಕ ಇಲ್ಲ. ನಾನು ಬರೀಬಹುದು. ಅದು ನನ್ನ ಹಕ್ಕಿ ಆಗುತ್ತೆ, ನಿಮ್ಮದಾಗಲ್ಲ.’

ಪಟ ವಾಪಸ್ ಕಾರಿಗೆ ಹಾಕಿದೆ. ಆ ಮಾತು ಶ್ರೀರಂಗಪಟ್ಟಣ ದಾಟಿದರೂ ತಲೆಯಿಂದ ಇಳಿಯಲಿಲ್ಲ.

ಶ್ಲೋಕ ಅಂದದ್ದು ಸುಮ್ನೆ ಅಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ‘ಶ್ರೀತತ್ತ್ವನಿಧಿ’ ಅಂತ ಒಂದು ಮಹಾಗ್ರಂಥ ಮಾಡಿಸಿದರು. ಶಕ್ತಿನಿಧಿ, ವಿಷ್ಣುನಿಧಿ, ಶಿವನಿಧಿ ಹೀಗೆ ಒಂಬತ್ತು ನಿಧಿಗಳು. ದೇವರೊಬ್ಬೊಬ್ಬರಿಗೂ ಧ್ಯಾನಶ್ಲೋಕ, ಜೊತೆಗೆ ಚಿತ್ರ. ಕೈ ಎಷ್ಟು, ಯಾವ ಕೈಯಲ್ಲಿ ಏನು, ಮೈಬಣ್ಣ ಯಾವುದು, ವಾಹನ ಯಾವುದು, ಎಲ್ಲಕ್ಕೂ ಲೆಕ್ಕ ಇದೆ. ನಮ್ಮ ಆಫೀಸ್ ಭಾಷೆಯಲ್ಲಿ ಹೇಳಬೇಕಂದ್ರೆ ದೇವರ ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್. ವಿಷ್ಣುವಿನ ಗರುಡ, ಸುಬ್ರಹ್ಮಣ್ಯನ ನವಿಲು, ಬ್ರಹ್ಮನ ಹಂಸ, ಶನಿಯ ಕಾಗೆ ಇವೆಲ್ಲ ಅದರೊಳಗೇ ಬರುತ್ತವೆ. ಅವು ಬರೀ ಹಕ್ಕಿಗಳಲ್ಲ, ದೇವರ ಜೊತೆ ಡ್ಯೂಟಿ ಮೇಲಿರುವವು.

ಆದರೆ ಮರದ ಕೊಂಬೆಯಲ್ಲಿ, ಹಸುವಿನ ಬೆನ್ನಲ್ಲಿ ಏನು ಕೂತಿರಬೇಕು ಅಂತ ಯಾರೂ ಬರೆದಿಟ್ಟಿಲ್ಲ. ಅಲ್ಲಿ ಚಿತ್ರಗಾರ ಫ್ರೀ. ಕಾಜಾಣ ನಿಜವಾಗಿಯೂ ಮೇಯುವ ದನದ ಬೆನ್ನ ಮೇಲೆ ಕೂರುತ್ತೆ, ಹುಲ್ಲಿಂದ ಏಳುವ ಹುಳ ಹಿಡಿಯೋಕೆ. ನಮ್ಮ ಪಟದ ಚಿತ್ರಗಾರ ಅದನ್ನು ಎಲ್ಲೋ ಹೊಲದ ಬದಿಯಲ್ಲಿ ನಿಂತು ನೋಡಿದ್ದಾನೆ. ಕೃಷ್ಣ ಅವನ ಗುರುಗಳಿಂದ ಬಂದದ್ದು. ಹಕ್ಕಿ ಅವನ ಕಣ್ಣಿಂದ ಬಂದದ್ದು. ಹೆಸರೂ ಹಾಕದ ಆ ಮನುಷ್ಯ ಆ ಪಟದಲ್ಲಿ ತನ್ನದು ಅಂತ ಬಿಟ್ಟುಹೋಗಿದ್ದು ಬಹುಶಃ ಅದೊಂದೇ. ನಾನು ಕಾರಿನ ಬಟ್ಟೆಯಲ್ಲಿ ಒರೆಸಿದ್ದು ಅದನ್ನೇ.

ಮುಂದಿನ ಎರಡು ವಾರ ರಾತ್ರಿ ಹೊತ್ತು ಲ್ಯಾಪ್‌ಟಾಪ್ ಮುಚ್ಚದೆ ಹಳೇ ಕಿರುಚಿತ್ರಗಳನ್ನು ನೋಡುತ್ತಾ ಕೂತೆ. ಈ ಸಲ ದೇವರನ್ನು ಬಿಟ್ಟು ಹಕ್ಕಿಗಳನ್ನು ನೋಡಿದೆ.

ಒಂದು ಚಿತ್ರ ನಮ್ಮ ವಿಜಯಪುರದ್ದು, ಎರಡನೇ ಇಬ್ರಾಹಿಂ ಆದಿಲ್ ಶಾಹನ ಕಾಲದ್ದು, ಸುಮಾರು 1603-04ರದು. ಸರಸ್ವತಿಗೂ ಗಣಪತಿಗೂ ಕೈಮುಗಿದು ಹಾಡು ಬರೆದ ಸುಲ್ತಾನ ಅವನು. ಚಿತ್ರದಲ್ಲಿರುವುದು ಒಬ್ಬ ಯೋಗಿನಿ. ಮೈಗೆ ಬೂದಿ, ತಲೆಗೆ ಜಡೆಯ ಗಂಟು, ಆದರೆ ಮೈತುಂಬಾ ಚಿನ್ನ. ಕೈ ಮೇಲೆ ಒಂದು ಮೈನಾ ಹಕ್ಕಿ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿದ್ದಾರೆ, ಏನೋ ಗುಟ್ಟು ಹೇಳಿಕೊಂಡ ಹಾಗೆ. ಈಗ ಅದು ಐರ್ಲೆಂಡಿನ ಡಬ್ಲಿನ್‌ನಲ್ಲಿ ಚೆಸ್ಟರ್ ಬೀಟಿ ಸಂಗ್ರಹದಲ್ಲಿದೆ. ಎಲ್ಲಿಯ ವಿಜಯಪುರ, ಎಲ್ಲಿಯ ಡಬ್ಲಿನ್. ಆ ಮೈನಾ ಮಾತ್ರ ನಾನೂರು ವರ್ಷದಿಂದ ಕೈ ಬಿಟ್ಟು ಹಾರಿಲ್ಲ.

ಇನ್ನೊಬ್ಬ ಉಸ್ತಾದ್ ಮನ್ಸೂರ್, ಜಹಾಂಗೀರನ ಆಸ್ಥಾನದವನು. 1612ರಲ್ಲಿ ಗೋವಾದಿಂದ ಟರ್ಕಿ ಕೋಳಿ ಬಂದಾಗ ಜಹಾಂಗೀರ್ ಬೆರಗಾಗಿ, ಕೇಳಿದವರಿಗೆ ನೋಡಲೂ ಸಿಗಲಿ ಅಂತ ಚಿತ್ರ ಬರೆಸಿದ. ಮನ್ಸೂರ್ ಬರೆದ ಟರ್ಕಿ ಕೋಳಿಯ ಕತ್ತಿನ ಒಂದೊಂದು ಸುಕ್ಕೂ ಎಣಿಸಬಹುದು. ಅವನದೇ ಇರಬೇಕು ಎನ್ನಲಾಗುವ ಇನ್ನೊಂದು ಚಿತ್ರದಲ್ಲಿ ಡೋಡೋ ಇದೆ. ಹೌದು, ಅದೇ ಡೋಡೋ, ಲೋಕದಿಂದಲೇ ಅಳಿಸಿಹೋದ ಹಕ್ಕಿ. ಚಿತ್ರ ಈಗ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದೆ. ಡೋಡೋ ಮೈಬಣ್ಣ ಹೇಗಿತ್ತು ಅಂತ ಚರ್ಚಿಸುವ ವಿಜ್ಞಾನಿಗಳು ಇವತ್ತಿಗೂ ಆ ಚಿತ್ರ ತೆಗೆದು ನೋಡುತ್ತಾರೆ. ಒಬ್ಬ ಮನುಷ್ಯ ಸರಿಯಾಗಿ ನೋಡಿದ್ದ, ಅದಕ್ಕೇ ಅಷ್ಟಾದರೂ ಉಳಿಯಿತು.

ನಮ್ಮನೆ ಕಾಜಾಣನ್ನ ಹಾಗೆ ನೋಡಿದವರು ಯಾರಾದ್ರೂ ಇದ್ದಾರಾ?

ಫ್ಯಾಮಿಲಿ ವಾಟ್ಸ್ಯಾಪ್ ಗ್ರೂಪಲ್ಲಿ ‘ನಡುಮನೆಯ ಹಳೇ ಫೋಟೋ ಇದ್ರೆ ಹಾಕಿ, ನೆನಪಿಗೆ’ ಅಂತ ಸುಳ್ಳು ಮೆಸೇಜ್ ಹಾಕಿದೆ. ನಾಮಕರಣ, ಮದುವೆ ಮಾತುಕತೆ, ಗೌರಿಹಬ್ಬ, ರಾಶಿ ಫೋಟೋ ಬಂದವು. ಎಲ್ಲದರಲ್ಲೂ ಜನ ಪಟದ ಮುಂದೆ ನಿಂತಿದ್ದಾರೆ. ಒಂದರಲ್ಲಿ ಹಸುವಿನ ಜಾಗಕ್ಕೆ ಸರಿಯಾಗಿ ದೊಡ್ಡಪ್ಪನ ತಲೆ. ಇನ್ನೊಂದರಲ್ಲಿ ಗಾಜಿನ ಮೇಲೆ ಫ್ಲ್ಯಾಷ್. ಮತ್ತೊಂದರಲ್ಲಿ ನಾನೇ, ಆರೇಳು ವರ್ಷದವನು, ಪಟಕ್ಕೆ ಬೆನ್ನು ಹಾಕಿ ಹಲ್ಲು ಕಿರಿಯುತ್ತಾ ನಿಂತಿದ್ದೀನಿ. ಅಪ್ಪನನ್ನು ಕೇಳಿದೆ, ಬಲಕ್ಕೆ ಅಂದ್ರು. ಚಿಕ್ಕಪ್ಪ ಎಡಕ್ಕೆ ಅಂದ್ರು. ಆಮೇಲೆ ಇಬ್ಬರೂ, ‘ಯಾಕೆ, ಪಟ ನಿನ್ನ ಹತ್ರಾನೇ ಇದೆಯಲ್ಲ?’ ಅಂದ್ರು.

ಗೊತ್ತಿರಬಹುದಾದವಳು ಒಬ್ಬಳೇ. ಮದುವೆಯಾಗಿ ಆ ಮನೆಗೆ ಬಂದ ದಿನದಿಂದ ಪಟ ಒರೆಸೋ ಕೆಲಸ ಅವಳದು. ಹಕ್ಕಿ ವಾಪಸ್ ಬೇಕಂದ್ರೆ ಅವಳನ್ನ ಕೇಳಬೇಕು. ಕೇಳಬೇಕಂದ್ರೆ ಹೇಳಬೇಕು.

ಆಪರೇಷನ್ ಆಗಿ ಹತ್ತು ದಿನದ ಮೇಲೆ ಫೋನ್ ಮಾಡಿದೆ. ಕಣ್ಣು ಹೇಗಿದೆ, ಡ್ರಾಪ್ಸ್ ಹಾಕ್ಕೋತಿದ್ದೀಯಾ, ಮಳೆ ಏನಾದ್ರೂ ಬಂತಾ, ಎಲ್ಲ ಕೇಳಿದ ಮೇಲೆ ಕೇಳೋಕೆ ಇನ್ನೇನೂ ಉಳಿಯಲಿಲ್ಲ.

‘ಅವ್ವಾ, ಪಟ ಒರೆಸೋಕೆ ಹೋಗಿ ಒಂದು ಹಕ್ಕಿ ಅಳಿಸಿಬಿಟ್ಟೆ.’

ಆ ಕಡೆ ಸದ್ದಿಲ್ಲ. ದೂರದಲ್ಲಿ ಟಿವಿ ಸೀರಿಯಲ್ಲು ಮಾತ್ರ ಕೇಳಿಸುತ್ತಿತ್ತು.

‘ಯಾವ್ದು?’

‘ಹಸು ಮೇಲಿನದು.’

‘ನೀರು ಹಾಕಿದ್ಯಾ?’

‘ಸ್ವಲ್ಪ.’

‘ಒಣಬಟ್ಟೆ ನಾಯ್ನಾ, ಒಣಬಟ್ಟೆ’ ಅಂದಳು. ಕೋಪ ಇರಲಿಲ್ಲ, ಕೋಪ ಬಂದಿದ್ರೆ ‘ನಾಯ್ನಾ’ ಅನ್ನಲ್ಲ. ಧೈರ್ಯ ಮಾಡಿ ಕೇಳಿದೆ, ಅದರ ಬಾಲ ಯಾವ ಕಡೆಗಿತ್ತು ಅಂತ.

‘ಎಡಕ್ಕೆ. ಮೂತಿ ಹಸು ಕಿವಿ ಕಡೆಗೆ. ಕಿವೀಲಿ ಏನೋ ಹೇಳ್ತದೆ ಅನ್ನೋ ಅಂಗೆ ಬಗ್ಗಿತ್ತು. ಕಣ್ಣು ಇರ್ಲಿಲ್ಲ ಅದಕ್ಕೆ, ಸಣ್ಣ ಕೆಂಪು ಚುಕ್ಕೆ ಅಷ್ಟೇ.’ ಒಂದು ನಿಮಿಷ ಸುಮ್ಮನಿದ್ದಳು. ಆಮೇಲೆ ದನಿ ಸಣ್ಣ ಮಾಡಿ ಅಂದಳು, ‘ಒಂದೇ ಕಾಲು ಇತ್ತು.’

‘ಒಂದೇ ಕಾಲಲ್ಲಿ ಬರೆದಿದ್ರಾ?’

‘ಎರಡು ಬರ್ದಿದ್ರು. ಒಂದನ್ನ ನಾನು ಒರಸಾಕ್ದೆ. ಮದ್ವೆ ಆಗಿ ಬಂದ ವರ್ಷ. ಆಗ ಗಾಜು ಇರ್ಲಿಲ್ಲ ಪಟಕ್ಕೆ. ಸೆರಗು ಒದ್ದೆ ಇತ್ತು, ನೋಡ್ಲಿಲ್ಲ. ನಮ್ಮತ್ತೆ ನೋಡಿದ್ರೆ ಮನೇಲಿ ಇಟ್ಕೋತಿದ್ರಾ ನನ್ನ? ಅದಕ್ಕೇ ಗಾಜು ಹಾಕ್ಸಿ ಹಾಕ್ಸಿ ಅಂತ ನಿಮ್ಮ ತಾತನ ಪ್ರಾಣ ತಿಂದಿದ್ದು.’

ಅರವತ್ತು ವರ್ಷಕ್ಕೂ ಮೇಲೆ ಇದನ್ನು ಯಾರಿಗೂ ಹೇಳಿರಲಿಲ್ಲವಂತೆ, ತಾತನಿಗೂ. ಮಕ್ಕಳು ಎಣಿಸುವಾಗಲೆಲ್ಲ ಬೆರಳು ಆ ಹಕ್ಕಿ ಹತ್ತಿರ ಬಂದಾಗ ಎದೆ ಡವಗುಟ್ಟುತ್ತಿತ್ತಂತೆ, ಯಾರಾದ್ರೂ ‘ಇನ್ನೊಂದು ಕಾಲೆಲ್ಲಿ’ ಅಂತ ಕೇಳಿಬಿಟ್ರೆ ಅಂತ. ನಾವ್ಯಾರೂ ಕೇಳಲಿಲ್ಲ. ನಾವು ಏಳು ಅಂತ ಹೇಳಿ ಉಂಡೆ ತಿಂದು ಓಡುತ್ತಿದ್ದೆವು.

ಈಗ ಗೊತ್ತಾಯ್ತು ಅವಳು ಯಾಕೆ ಅಷ್ಟು ಚೆನ್ನಾಗಿ ನೋಡಿದ್ದಳು ಅಂತ. ತಾನು ಕೆಡಿಸಿದ್ದನ್ನು ಮನುಷ್ಯ ಮರೆಯಲ್ಲ. ನನಗೂ ಈಗ ಹಸುವಿನ ಬೆನ್ನಿನ ಆ ತೇಪೆ ಕಣ್ಣು ಮುಚ್ಚಿದರೂ ಕಾಣುತ್ತೆ, ಅಂಚು ಎಲ್ಲಿ ದಪ್ಪ, ಎಲ್ಲಿ ತೆಳು ಅನ್ನೋದು ಸಮೇತ.

ಮೈಸೂರಿನವರಿಗೆ ಫೋನ್ ಮಾಡಿ ಎಲ್ಲ ಹೇಳಿದೆ, ಒಂಟಿ ಕಾಲಿನ ಕಥೆಯನ್ನೂ. ನಕ್ಕರು. ‘ಈಗ ಬರೀಬಹುದು, ತನ್ನಿ’ ಅಂದರು. ಅವ್ವನನ್ನು ಕೇಳಿದೆ. ಬೇಡ ಅಂದಳು. ಕಾರಣ ಕೇಳಿದ್ದಕ್ಕೆ, ‘ಬರ್ಸಿದ್ರೆ ಎರಡು ಕಾಲು ಬರ್ಸ್ಬೇಕಾ, ಒಂದಾ?’ ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಪಟ ಹಾಗೇ ಇದೆ. ಹೊಸ ಗಾಜು ಹಾಕಿಸಿ, ಬಿಸಿಲು ಬೀಳದ ಗೋಡೆಗೆ ತೂಗುಹಾಕಿದ್ದೀನಿ.

ಯುಗಾದಿಗೆ ಅವ್ವ ಬಂದಳು. ಚಪ್ಪಲಿ ಬಿಟ್ಟವಳೇ ಸೀದಾ ಪಟದ ಮುಂದೆ ಹೋಗಿ ನಿಂತಳು. ಮೂರು ವರ್ಷದಿಂದ ಸರಿಯಾಗಿ ಕಾಣದಿದ್ದ ಕೃಷ್ಣನನ್ನು ಕಪ್ಪು ಕನ್ನಡಕ ತೆಗೆದು ನೋಡಿದಳು. ಕಣ್ಣಲ್ಲಿ ನೀರು ಬಂತು. ಆಪರೇಷನ್ ಕಣ್ಣಿಗೆ ನೀರು ಬರುತ್ತೆ, ಡಾಕ್ಟ್ರು ಹೇಳಿದಾರೆ ಅಂದಳು. ಆಮೇಲೆ ನನ್ನ ಮಗಳನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, ಗಾಳಿಯಲ್ಲಿ ಬೆರಳು ಆಡಿಸಿ ಶುರುಮಾಡಿದಳು. ಗಿಳಿ ಮೂರು, ನವಿಲು ಎರಡು, ಕೊಕ್ಕರೆ ಒಂದು. ಹಸುವಿನ ಬೆನ್ನ ಹತ್ತಿರ ಬೆರಳು ನಿಂತಿತು.

‘ಇಲ್ಲೊಂದು ಇತ್ತು. ಒಂದು ಕಾಲು ನಾನು ತೆಗೆದೆ. ಮಿಕ್ಕಿದ್ದು ನಿಮ್ಮಪ್ಪ ತೆಗ್ದ.’

ಮಗಳು ಕಣ್ಣರಳಿಸಿ ನನ್ನನ್ನೂ ಅವ್ವನನ್ನೂ ನೋಡಿದಳು. ದೊಡ್ಡವರು ಹೀಗೆ ಒಪ್ಪಿಕೊಳ್ಳೋದನ್ನ ಅವಳು ಜಾಸ್ತಿ ನೋಡಿಲ್ಲ. ‘ಹೇಗಿತ್ತು ಅದು?’ ಅಂದಳು. ಅವ್ವ ಹೇಳಿದಳು, ಬಾಲ, ಮೂತಿ, ಕೆಂಪು ಚುಕ್ಕೆ, ಎಲ್ಲ.

ಹೋದ ತಿಂಗಳು ಅವ್ವನನ್ನು ನೋಡೋಕೆ ಹೋಳೂರಿಗೆ ಹೋಗಿದ್ದೆವು. ಊರಲ್ಲಿ ಈಗ ಮೇಯೋಕೆ ಬಿಟ್ಟ ಹಸು ಕಮ್ಮಿ, ಸೀಮೆಹಸುಗಳು ಕೊಟ್ಟಿಗೆಯಲ್ಲೇ ಇರುತ್ತವೆ. ರಸ್ತೆ ಪಕ್ಕದ ಟೊಮೆಟೊ ತೋಟದ ಹತ್ತಿರ ಮಗಳು ಕಾರು ನಿಲ್ಲಿಸು ಅಂತ ಕೂಗಿದಳು. ಗಿಡಕ್ಕೆ ನೆಟ್ಟ ಕಡ್ಡಿಯ ತುದಿಯಲ್ಲಿ ಒಂದು ಕಾಜಾಣ. ಫೋನ್ ತೆಗೆಯಲು ಕೈ ಜೇಬಿಗೆ ಹೋಯಿತು. ವಾಪಸ್ ತಂದೆ. ಅದು ಹಾರುವವರೆಗೂ ಇಬ್ಬರೂ ನೋಡಿದೆವು.

ಬಾಲ ಬಲಕ್ಕಿತ್ತು. ಕಾಲು ಎರಡೂ ಇದ್ದವು.